ಪಾವಿನ ಲೈನಿನ ಮೇಲೆ ನನ್ನ ಹುಟ್ಟುಹಬ್ಬ

ಹೋದ ವಾರ ಮಡಗಾಂವದಲ್ಲಿ ಕಾಣಕೋಣದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಂತ ಹೆಂಗಸಿನ ಚೀಲದಿಂದ ಬಿಸಿ ಪಾವಿನ ವಾಸನೆ ಬರುತ್ತಿತ್ತು. ಗೋದಿಯ ತೌಡು ಉದುರಿಸಿ ಸುಡುವ, ಒಳಗೆ ಪೊಳ್ಳಾಗಿರುವ ಪಾವು ಒಂದಿದೆ. ಇಲ್ಲಿಯವರು ಅದಕ್ಕೆ ಪೊಯಿ ಅನ್ನುತ್ತಾರೆ. ಅದರ ವಾಸನೆ. ಕಿಟಕಿಯಾಚೆ ಭತ್ತ ಕೊಯ್ದು ಹಾಸಿದ ಗದ್ದೆ, ಹಸಿ ಹುಲ್ಲಿನ ವಾಸನೆ. ಎರಡೂ ಕೂಡಿ ಮೂಗಿಗೆ ಬಡಿದದ್ದೇ ಹೊಟ್ಟೆಯಲ್ಲಿ ಏನೋ ಉರಿಯಿತು. ಬೆಳಿಗ್ಗೆ ತಿಂದಿರಲಿಲ್ಲ, ಹಸಿವೆ ಇರಬೇಕು ಅಂದುಕೊಂಡೆ. ಬಸ್ಸು ಘಟ್ಟ ಇಳಿಯುವ ಹೊತ್ತಿಗೆ ಗೊತ್ತಾಯಿತು, ಇದು ಹಳೇ ಹೊಟ್ಟೆಕಿಚ್ಚು. ಎಂಟು ವರ್ಷವಾಯಿತು, ಇನ್ನೂ ಆರಿಲ್ಲ.

ಅದು ನಮ್ಮ ಲಗ್ನದ ಮೊದಲ ವರ್ಷ. ಮಳೆ ಹಿಡಿದ ಜೂನಿನಿಂದ ಸೀಗಿ ಹುಣ್ಣಿಮೆಯ ತನಕ ನಾನು ಎಷ್ಟು ಬೀಗಿದ್ದೆನೋ, ಒಂದೇ ಮುಂಜಾನೆಯಲ್ಲಿ ಅಷ್ಟೂ ಇಳಿದುಹೋಯಿತು.

ಬೀಗಲು ನನಗೆ ಕಾರಣವಿತ್ತು. ನಮ್ಮಪ್ಪ ಬಾದಾಮಿ ಕಡೆಯಿಂದ ಗೋವಾಕ್ಕೆ ಬಂದು ಕಲ್ಲು ಕಟ್ಟುವ ಕೆಲಸ ಹಿಡಿದವನು. ಅವ್ವ ಬೀಚಿನಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುತ್ತಿದ್ದಳು. ಅವರಿಬ್ಬರಿಗೂ ಹೆಬ್ಬೆಟ್ಟೇ ಸಹಿ. ನಾನು ಬಿ.ಎ. ಮಾಡಿದೆ. ನಮ್ಮ ಎರಡೂ ಕಡೆಯ ಬಳಗದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವ ನಾನು. ಇದನ್ನು ಸಣ್ಣ ದನಿಯಲ್ಲಿ ಹೇಳಲು ನನಗೆ ಬರುವುದಿಲ್ಲ, ಯಾಕೆ ಹೇಳಬೇಕು? ಮಳೆಗಾಲದಲ್ಲಿ ಬೀಚು ಬಂದ್ ಆದಾಗ ಸೋರುವ ತಗಡಿನ ಕೆಳಗೆ, ಪುಸ್ತಕವನ್ನು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡೇ ಓದಿದವಳು ನಾನು. ಹಾಳೆ ತಿರುವಲು ಕೈಯನ್ನೂ ಚೀಲದೊಳಗೆ ತೂರಿಸಬೇಕಾಗಿತ್ತು.

ನಮ್ಮವರು, ಅಂದರೆ ನನ್ನ ಗಂಡ, ಓದಿದವರಲ್ಲ. ಎಂಟನೇ ವಯಸ್ಸಿಗೆ ಸೋದರಮಾವನ ಬೆನ್ನು ಹತ್ತಿ ಕಾಣಕೋಣಕ್ಕೆ ಬಂದು, ಬೇಕರಿಯ ಹಿಟ್ಟಿನ ಚೀಲಗಳ ನಡುವೆ ಬೆಳೆದವರು. ದೊಡ್ಡವರಾದ ಮೇಲೆ ಕೈಗೆ ಸೈಕಲ್ ಬಂತು. ಹಿಂದೆ ದೊಡ್ಡ ಬುಟ್ಟಿ, ಹಿಡಿಕೆಗೆ ರಬ್ಬರಿನ ಹಾರ್ನು. ಒಂಬತ್ತು ವರ್ಷ ಒಂದೇ ಲೈನಿನಲ್ಲಿ, ಅಂದರೆ ಒಂದೇ ದಾರಿ ಹಿಡಿದು, ಹಳ್ಳಿಯ ಮನೆಮನೆಗೆ ಪಾವು ಹಾಕಿದರು. ನಮ್ಮ ಲಗ್ನದ ಹೊತ್ತಿಗೆ ಸೈಕಲ್ ಬಿಟ್ಟು ಬೇಕರಿಯ ಒಲೆ ನೋಡಿಕೊಳ್ಳುವ ಮೇಸ್ತ್ರಿಯಾಗಿದ್ದರು. ಶಾಂತ ಮನುಷ್ಯ, ಕುಡಿಯುವವರಲ್ಲ, ನೌಕರಿ ಬಿಡು ಅನ್ನುವವರೂ ಅಲ್ಲ. ಅದಕ್ಕೇ ಒಪ್ಪಿದೆ. ಆದರೆ ನಮ್ಮ ವಠಾರದ ನೀಲವ್ವ ಸುಮ್ಮನಿರಬೇಕಲ್ಲ.

"ಡಿಗ್ರಿ ಹುಡುಗಿ ಪಾವಿನವನ್ನ ಕಟ್ಟಿಕೊಂಡಾಳವ್ವ. ಇನ್ನ ಸರ್ಟಿಫಿಕೇಟಿನ್ಯಾಗ ಪಾವು ಸುತ್ತಿ ಕೊಡ್ತಾಳ, ಹೋಗಿ ತಗೊಂಬರ್ರಿ" ಅಂದಳು ನಳದ ಮುಂದೆ, ನನಗೆ ಕೇಳುವಂತೆಯೇ.

ಅವತ್ತೇ ನಿಶ್ಚಯಿಸಿದೆ, ವರ್ಷದೊಳಗೆ ನಮ್ಮವರಿಗೆ ಇಂಗ್ಲಿಷ್ ಓದಿಸುತ್ತೇನೆ. ಇಲ್ಲಿ ಫಾರ್ಮು, ಬೋರ್ಡು, ಬ್ಯಾಂಕಿನ ಚೀಟಿ ಎಲ್ಲ ಇಂಗ್ಲಿಷ್. ನಾನು ಪೇಟೆಯ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಮುಗಿಸಿ ಬಂದು, ದೀಪ ಹಚ್ಚಿ, ಚಾಪೆಯ ಮೇಲೆ ಪಾಟಿ ಇಟ್ಟೆ. ಹೊರಗೆ ಮಳೆ ಹಂಚು ಒಡೆಯುವ ಹಾಗೆ ಹೊಡೆಯುತ್ತಿತ್ತು. ಒಂದು ಎ ಬರೆದು ತೋರಿಸಿದೆ. ನೋಡಿದರು, ಹಾಗೇ ಬರೆದರು.

"ಭಲೆ! ಭಲೆ ರೀ! ಒಂದ ಸಲಕ್ಕ ಬಂತಲ್ಲ!" ಅಂತ ಚಪ್ಪಾಳೆ ತಟ್ಟಿದೆ.

ಅವರು ಏನೋ ಹೇಳಲು ಬಾಯಿ ತೆರೆದರು, ನನ್ನ ಮುಖ ನೋಡಿ ಸುಮ್ಮನಾದರು. ನಾಚಿಕೆ ಅಂದುಕೊಂಡೆ. ಸಣ್ಣ ಬಿ ಅಂದರೆ ಡಿ ಬರೆಯುತ್ತಿದ್ದರು, ತಿದ್ದುತ್ತಿದ್ದೆ. ಅಷ್ಟು ಬಿಟ್ಟರೆ ಎಲ್ಲವೂ ಸರಾಗ. ಇಪ್ಪತ್ತೊಂದನೇ ದಿನಕ್ಕೆ ಪೇಪರಿನ ದಪ್ಪ ಅಕ್ಷರ ಓದಿದರು. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಅವರದು ದುಂಡಗೆ, ಒಂದಕ್ಕೊಂದು ಕೈ ಹಿಡಿದು ನಡೆಯುವ ಅಕ್ಷರ. ಗುರುವಿಗಿಂತ ಶಿಷ್ಯನದೇ ಚೆಂದ ಅಂತ ನನಗೆ ಇನ್ನೂ ಹೆಮ್ಮೆ. ವಕೀಲರಿಗೆ ನೋಟುಬುಕ್ಕು ಒಯ್ದು ತೋರಿಸಿದೆ. ನೀಲವ್ವನಿಗೆ ತೋರಿಸಿದೆ, ಆಕೆಗೆ ಓದಲು ಬಾರದಿದ್ದರೂ ತೋರಿಸಿದೆ.

"ಇಪ್ಪತ್ತೊಂದು ದಿನಕ್ಕೆ ಕಲಿಸಿದೆಯಾ?" ಅಂದರು ವಕೀಲರು. "ಹಾಗಾದರೆ ನೀನು ಟೈಪ್ ಮಾಡುತ್ತ ಕೂರಬಾರದು ಮಗಳೇ, ಬಿ.ಎಡ್. ಮಾಡು."

ಅರ್ಜಿ ತರಿಸಿದೆ. ತುಂಬಿ, ಫೋಟೋ ಅಂಟಿಸಿ, ಹುಟ್ಟುಹಬ್ಬದ ಮರುದಿನ ಪೋಸ್ಟಿಗೆ ಹಾಕುವುದೆಂದು ಇಟ್ಟೆ. ಕಲಿಸುವ ಕೈ ನನ್ನದು ಅಂತ ನನಗೆ ಖಾತ್ರಿಯಾಗಿತ್ತು. ಸಾಕ್ಷಿ ಮನೆಯಲ್ಲೇ ಕುಂತು ಪೇಪರ್ ಓದುತ್ತಿತ್ತು.

ಹುಟ್ಟುಹಬ್ಬವೂ ನಾನೇ ದುಡಿದು ಗಳಿಸಿದ್ದು. ನಮ್ಮ ಮಂದಿಗೆಲ್ಲ ಶಾಲೆಯ ದಾಖಲೆಯಲ್ಲಿ ಜೂನ್ ಒಂದು. ಮಾಸ್ತರರು ಬರೆದದ್ದೇ ಜನ್ಮದಿನ. ನನಗೆ ಅದು ಸಾಲಲಿಲ್ಲ. ಅವ್ವನನ್ನು ಕಾಡಿ ಕೇಳಿದರೆ "ಸೀಗಿ ಹುಣ್ಣಿವಿ ಆದ ಮೂರನೇ ದಿನ, ಮುಂಜಾನೆ, ನಿಮ್ಮಪ್ಪ ಗಾರೆ ಕಲಸಾಕತ್ತಿದ್ದ" ಅಂದಿದ್ದಳು. ಹಳೇ ಪಂಚಾಂಗ ಹುಡುಕಿ ತಾರೀಖು ತೆಗೆದವಳು ನಾನೇ. ಆ ವರ್ಷ ನಮ್ಮವರು ಕೇಳಿದರು, "ಏನ ಕೊಡಿಸ್ಲಿ?"

"ಸೈಕಲ್ ಮ್ಯಾಲೆ ಹೋಗೂಣ್ರಿ. ಇಬ್ಬರೂ. ಗದ್ದಿ ದಾರಿ ಹಿಡದು, ಎಲ್ಲೆರ."

ಇದು ಸಣ್ಣಂದಿನ ಆಸೆ. ಅವ್ವನ ಜೊತೆ ಮರಳಿನ ಮೇಲೆ ಮಣಿಸರ ಹರವಿಕೊಂಡು ಕುಂತಾಗ ಫಾರಿನ್ ಗಂಡಹೆಂಡಿರು ಸೈಕಲ್ ಮೇಲೆ ಹೋಗುತ್ತಿದ್ದರು. ಆಕೆ ಮುಂದೆ, ಅವನು ಹಿಂದೆ, ಇಬ್ಬರಿಗೂ ಎಲ್ಲಿಗೂ ಹೋಗುವ ಅವಸರವಿಲ್ಲ. ಕೆಲಸವಿಲ್ಲದೆ ಸೈಕಲ್ ತುಳಿಯುವವರನ್ನು ನೋಡಿ ಆವಾಗಲೇ ಹೊಟ್ಟೆ ಉರಿದಿತ್ತು. ಬಾಡಿಗೆ ಅಂಗಡಿಯವನು ಮಳೆಗಾಲದಲ್ಲಿ ತುಕ್ಕು ಹಿಡಿಯಬಾರದೆಂದು ಸೈಕಲ್ಲುಗಳನ್ನು ನಮ್ಮಂಥ ಮಕ್ಕಳಿಗೆ ಬಿಡುತ್ತಿದ್ದ. ಹಾಗಾಗಿ ತುಳಿಯಲು ಕಲಿತಿದ್ದೆ. ಅವನಿಂದಲೇ ನನಗೊಂದು ಕೆಂಪು ಸೈಕಲ್ ಬಂತು. ನಮ್ಮವರು ಬೇಕರಿಯ ಮೂಲೆಯಲ್ಲಿದ್ದ ತಮ್ಮ ಹಳೇ ಸೈಕಲ್ ತೆಗೆದು, ಬುಟ್ಟಿ ಬಿಚ್ಚಿಟ್ಟು, ಎಣ್ಣೆ ಬಿಟ್ಟರು. ಹಾರ್ನು ಮಾತ್ರ ಬಿಚ್ಚಲಿಲ್ಲ.

ಬಿಸಿಲು ಮೂಡುವಾಗ ಹೊರಟೆವು. ಮಳೆ ನಿಂತು ಹತ್ತು ದಿನವಾಗಿತ್ತು. ಕೆಂಪು ದಾರಿ ಒಣಗಿ ಗಟ್ಟಿಯಾಗಿತ್ತು, ಬದಿಯಲ್ಲಿ ಇನ್ನೂ ನೀರು ಹರಿಯುತ್ತಿತ್ತು. ಅರ್ಧ ಗದ್ದೆ ಕೊಯ್ದು ಮುಗಿದು, ಅರ್ಧ ಹಳದಿಯಾಗಿ ಬಾಗಿ ನಿಂತಿತ್ತು. ನಾನು ಹಸಿರು ಇಳಕಲ್ ಸೀರೆಯ ಮೇಲೆ ಅವರ ಹಳೇ ಅಂಗಿ ಹಾಕಿಕೊಂಡು, ಸೆರಗು ಬಿಗಿದು ಕುಂತಿದ್ದೆ. ಗಾಳಿ ಮುಖಕ್ಕೆ ತಾಗುತ್ತಿತ್ತು. ಇದೇ, ಇದೇ ಬೇಕಿತ್ತು ನನಗೆ ಅನಿಸಿತು. ಕಾಲು ತಾಸು ಮಾತ್ರ ಹಾಗೆ ಅನಿಸಿತು.

ಆಮೇಲೆ ನೋಡುತ್ತೇನೆ, ನಮ್ಮವರು ಒಂದು ಗೇಟಿನ ಮುಂದೆ ನಿಂತರು. ಮುಂದೆ ಹೋಗಿ ಮತ್ತೊಂದು ಗೇಟಿಗೆ ನಿಂತರು. ಎಡಕ್ಕೆ ತಿರುಗಬೇಕಾದಲ್ಲಿ ಯಾರದೋ ಹಿತ್ತಲಿಗೆ ಹೊಕ್ಕು, ಸುತ್ತಿ ಬಂದು, ಮತ್ತೆ ನಿಂತರು. ಅಪರಿಚಿತರನ್ನು ಕಂಡರೆ ಹರಿದು ತಿನ್ನುವ ಆ ಕಡೆಯ ನಾಯಿಗಳು ಇವರನ್ನು ನೋಡಿ ಬಾಲ ಅಲ್ಲಾಡಿಸಿದವು. ನನ್ನನ್ನು ನೋಡಿ ಬೊಗಳಿದವು. ಒಂದು ಮನೆಯ ಮುದುಕಿ ಬಾಗಿಲಿಗೆ ಬಂದು "ಪೊದೆರ್ ಆಯ್ಲೊ!" ಅಂತ ಕೂಗಿದಳು, ಪಾವಿನವನು ಬಂದ ಅಂತ. ಇನ್ನೊಬ್ಬಳು ಇವರ ಕೆನ್ನೆ ಹಿಡಿದು, ಸೊರಗಿದ್ದೀಯಲ್ಲೋ ಅಂದಳು. ಇವರು ನಕ್ಕರು, ನಿಂತರು, ಒಬ್ಬರ ಮೊಣಕಾಲು ನೋವು, ಇನ್ನೊಬ್ಬರ ಕೋಳಿಮರಿ, ಎಲ್ಲ ವಿಚಾರಿಸಿದರು. ನನ್ನ ಕಡೆ ಕೈ ತೋರಿಸಿ "ನನ್ನ ಹೆಂಡತಿ" ಅಂದದ್ದು ಪ್ರತಿ ಮನೆಯಲ್ಲೂ ಕೊನೆಗೆ.

ಏಳನೇ ಗೇಟಿಗೆ ನನಗೆ ತಡೆಯಲಿಲ್ಲ. "ಇದು ನನ್ನ ಹುಟ್ಟುಹಬ್ಬನೋ, ನಿಮ್ಮ ಪಾವಿನ ಲೈನೋ?"

ಅವರು ಬೆಚ್ಚಿ ಸುತ್ತ ನೋಡಿದರು. "ಅಯ್ಯ, ಖರೇನ? ನನಗ ಗೊತ್ತ ಆಗ್ಲಿಲ್ಲಲ್ಲ. ಕಾಲು ತಾವ ಹೊಂಟಾವು."

"ಕಾಲಿಗೆ ಹೇಳ್ರಿ, ಲಗ್ನ ಆಗೇತಿ ಅಂತ."

ನಗುತ್ತ ತುಳಿದರು. ನಾನೂ ನಕ್ಕೆ. ಆದರೆ ಒಳಗೆ ಮುಳ್ಳು ಚುಚ್ಚಿತ್ತು. ನಾನು ಮೂಗು ಮುರಿಯುತ್ತಿದ್ದ ಆ ಕೆಲಸ ಇವರಿಗೆ ಎಷ್ಟು ಮನೆ ಕೊಟ್ಟಿತ್ತು! ನನ್ನ ಡಿಗ್ರಿಗೆ ಬಾಲ ಅಲ್ಲಾಡಿಸುವ ಒಂದು ನಾಯಿಯೂ ಇರಲಿಲ್ಲ ಆ ದಾರಿಯಲ್ಲಿ.

ಏರು ಹತ್ತಿದರೆ ನೀಲಿ ಕಿಟಕಿಯ ಒಂದು ಮನೆ. ಗೇಟಿನ ಕೊಕ್ಕೆಗೆ ಬಟ್ಟೆಯ ಚೀಲ ತೂಗುಹಾಕಿತ್ತು. ಆ ಕಡೆ ಹಾಗೇ ಪದ್ಧತಿ: ಚೀಲದಲ್ಲಿ ಎಷ್ಟು ಪಾವು, ಯಾವ ಪಾವು ಅಂತ ಚೀಟಿ ಬರೆದಿಟ್ಟರೆ ಪಾವಿನವನು ಹಾಕಿ ಹೋಗುತ್ತಾನೆ. ನಮ್ಮವರ ಕೈ ಚೀಲಕ್ಕೆ ಹೋಗಿ ಚೀಟಿ ತೆಗೆದೇಬಿಟ್ಟಿತು. ಓದಿದರು. ತುಟಿಯ ಮೂಲೆಯಲ್ಲಿ ನಕ್ಕರು. ಆ ನಗು ನಾನು ಹಿಂದೆಂದೂ ನೋಡಿದ್ದಲ್ಲ. ಚೀಟಿ ಕಸಿದುಕೊಂಡೆ. ಇಂಗ್ಲಿಷಿನಲ್ಲಿ ಎರಡು ಸಾಲು, ನಾಲ್ಕು ಪೊಯಿ ಹಾಕು, ಸೀದದ್ದು ಹಾಕಿದರೆ ನಾಯಿಗೂ ಬೇಡ, ಅಂತ. ದುಂಡನೆಯ, ಕೈ ಹಿಡಿದು ನಡೆಯುವ ಅಕ್ಷರ. ನಮ್ಮ ಮನೆಯ ನೋಟುಬುಕ್ಕಿನ ಅಕ್ಷರ.

"ಇದು ನೀವು ಬರದದ್ದು" ಅಂದೆ.

"ಅಲ್ಲ. ಲೀನಾಬಾಯಿದು."

ಅಷ್ಟರಲ್ಲಿ ಮೇಲಿನಿಂದ, ಮೂರು ಗದ್ದೆ ದಾಟಿ ಕೇಳುವಂತೆ, "ಬಸೂ! ಅರೆ ಬಸೂ!"

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಲಗ್ನದ ದಿನ ನಾದಿನಿಯರು ಬಾಗಿಲು ತಡೆದು ಒಡಪು ಹಾಕಿಸಿದಾಗ, "ಒಲಿಯಾಗಿನ ಪಾವಿಗೆ ಒಲಿದು ಬಂದೀನಿ, ಬಸವರಾಜರ ಹೆಸರ ಒಮ್ಮೆ ಹೇಳೀನಿ" ಅಂತ ಒಂದೇ ಒಂದು ಸಲ ಹೇಳಿದ್ದೆ, ಅದೂ ನೆಲ ನೋಡುತ್ತ. ಈಗ ಬರೆಯುವಾಗಲೂ ಕೈ ತಡೆಯುತ್ತದೆ. ಈ ಹೆಂಗಸು ಅದನ್ನು ಅರ್ಧಕ್ಕೆ ಮುರಿದು, ಕೋಳಿ ಕರೆದ ಹಾಗೆ ಕರೆಯುತ್ತಿದ್ದಾಳೆ!

ಇಳಿದು ಬಂದಳು. ಚೆಲುವೆಯಾಗಿದ್ದರೆ ಒಂದು ಮಾತಾಗಿತ್ತು. ನಲವತ್ತು ದಾಟಿದ, ದಪ್ಪ ಕನ್ನಡಕದ, ಮುಂದಿನ ಹಲ್ಲು ಎರಡು ಹೊರಗೆ ಬಂದ ಹೆಂಗಸು, ಹೂವಿನ ಗೌನು. ನನಗೆ ಇನ್ನೂ ಉರಿ ಹತ್ತಿತು. ರೂಪಕ್ಕೆ ಸೋತ ಗಂಡನನ್ನು ಬೈಯಬಹುದು, ಅಕ್ಷರಕ್ಕೆ ಸೋತವರನ್ನು ಏನೆಂದು ಬೈಯುವುದು?

ಕೊಂಕಣಿಯಲ್ಲಿ ಒಂದೇ ಉಸಿರಿಗೆ ಮಾತಾಡಿದಳು, ಅಡಿಗೆಮನೆಗೆ ಎಳೆದುಕೊಂಡು ಹೋದಳು. ಗಂಡ ಹಡಗಿನ ಮೇಲೆ, ವರ್ಷಕ್ಕೊಮ್ಮೆ ಬರುತ್ತಾನೆ. ಲಗ್ನಕ್ಕೆ ಮುಂಚೆ ಸಣ್ಣ ಮಕ್ಕಳ ಟೀಚರಾಗಿದ್ದಳಂತೆ. ಅತ್ತೆ ನೌಕರಿ ಬಿಡಿಸಿದಳು. "ಕಲಿಸಲು ಯಾರೂ ಸಿಗಲಿಲ್ಲ, ಈ ಪೊದೆರ್ ಸಿಕ್ಕ" ಅಂತ ನಕ್ಕಳು. ಮೊದಲು ಚೀಟಿಯಲ್ಲಿ ಪಾವಿನ ಚಿತ್ರ ಬರೆದಿಡುತ್ತಿದ್ದಳು. ಆಮೇಲೆ ಚಿತ್ರದ ಕೆಳಗೆ ಹೆಸರು. ಆಮೇಲೆ ಚಿತ್ರ ತೆಗೆದಳು. "ಓದಿದರೆ ಸರಿ ಪಾವು, ತಪ್ಪಿದರೆ ತಪ್ಪು ಪಾವು. ಒಂದು ವಾರ ನಾವೆಲ್ಲ ಬರೀ ಕಡಕ್ ಪಾವೇ ತಿಂದೆವು ಗೊತ್ತಾ? ಅತ್ತೆಯ ಹಲ್ಲು ಅಲ್ಲಾಡಿ ಹೋಯಿತು. ಎರಡನೇ ಮಳೆಗಾಲಕ್ಕೆ ಇವನು ವಾಪಸ್ ಚೀಟಿ ಬರೆಯತೊಡಗಿದ."

ಗೋಡೆಯ ಮೊಳೆಗೆ ಒಂದು ತಂತಿ, ತಂತಿಗೆ ಚುಚ್ಚಿದ ಹಳೇ ಕಾಗದಗಳು. ಅವುಗಳಲ್ಲಿ ಒಂದನ್ನು ಎಳೆದು ನನ್ನ ಕೈಗೆ ಕೊಟ್ಟಳು. ಇಂಗ್ಲಿಷಿನಲ್ಲಿತ್ತು: ಲೀನಾಬಾಯಿ, ಇವತ್ತು ಮಳೆ, ಪೊಯಿ ಒದ್ದೆ ಆಯಿತು, ನಾಳೆ ಚಲೋದು ಕೊಡುತ್ತೇನೆ, ಸಿಟ್ಟು ಮಾಡಬೇಡ. ನಮ್ಮವರ ಕೈ. ನಾನು ಚಪ್ಪಾಳೆ ತಟ್ಟಿ ಎ ಕಲಿಸಿದ್ದಕ್ಕಿಂತ ಎಷ್ಟೋ ಮಳೆಗಾಲದ ಹಿಂದಿನದು. ನನಗೆ ಅವರು ಆವರೆಗೆ ಒಂದು ಸಾಲೂ ಬರೆದಿರಲಿಲ್ಲ. ನನ್ನ ಸಿಟ್ಟಿಗೆ ಯಾವತ್ತೂ ಚೀಟಿ ಬಂದಿರಲಿಲ್ಲ.

"ನೀನೇನು ಓದಿದ್ದೀ?" ಅಂತ ಲೀನಾಬಾಯಿ ಕೇಳಿದಳು.

"ಬಿ.ಎ." ಅಂದೆ. ಗಟ್ಟಿಯಾಗಿಯೇ ಅಂದೆ.

"ಭಾರಿ ಒಳ್ಳೇದಾಯ್ತು. ನನ್ನ ಪಾಠ ಮುಗೀತು. ಇನ್ನು ಮುಂದಿನದು ನೀನು ಕಲಿಸು." ತನ್ನದೇ ಮನೆಯ ಪಾತ್ರೆಯನ್ನು ಕೈದಾಟಿಸಿದ ಹಾಗೆ ಅಂದಳು. ಚಹಾ ಕೊಟ್ಟಳು, ಹುಟ್ಟುಹಬ್ಬ ಅಂತ ತಿಳಿದು ತೆಂಗಿನಕಾಯಿಯ ಕೇಕು ಕೊಟ್ಟಳು. ತಿಂದೆ, ಚಲೋ ಇತ್ತು, ಅದೂ ಒಂದು ಉರಿ.

ಹಿಂದಿರುಗುವಾಗ ನಾನು ಮುಂದೆ, ಅವರು ಹಿಂದೆ. ಫಾರಿನ್ ಜೋಡಿಗಳ ಹಾಗೇ ಇತ್ತು, ನೋಡುವವರಿಗೆ. ಗದ್ದೆಯ ಬದುವಿನ ಹತ್ತಿರ ಸೈಕಲ್ ನಿಲ್ಲಿಸಿದೆ.

"ಯಾಕ ಹೇಳ್ಲಿಲ್ಲ?"

"ಹೇಳಬೇಕಂದೆ. ಮೊದಲನೇ ದಿನ ನೀ 'ಭಲೆ' ಅಂದಿ. ನಿನ್ನ ಮಾರಿ ಅಷ್ಟು ಅರಳಿತ್ತು. ನಾಳೆ ಹೇಳೂಣು ಅಂದೆ. ಮರುದಿನ ನೋಡಿದ್ರ ನೀ ವಕೀಲರಿಗೆ ಹೇಳಿ ಬಂದಿದ್ದಿ. ಆಮ್ಯಾಲೆ ಹೆಂಗ ಹೇಳೂದು?"

"ಬಿ ಬದಲಿ ಡಿ ಬರಿತಿದ್ರಲ್ಲ?"

ತಲೆ ತಗ್ಗಿಸಿದರು. "ಬೇಕಂತ ಬರದೆ. ತಪ್ಪು ಬರಿಯೂದು ಭಾಳ ತ್ರಾಸ ಇತ್ತು ನೋಡು, ಕೈ ಕೇಳ್ತಿರ್ಲಿಲ್ಲ."

ನಗು ಬರಬೇಕಿತ್ತು. ಅಳು ಬಂತು. "ನಾ ಟೀಚರ್ ಆಗಾಕ ಹೊಂಟಿದ್ದೆ, ನಿಮ್ಮನ್ನ ನಂಬಿ. ಮತ್ತೊಬ್ಬಾಕಿ ಬಿತ್ತಿದ್ದ ಹೊಲಾ ಕೊಯ್ದು ರಾಶಿ ಮಾಡಿ, ನಂದ ಬೆಳಿ ಅಂತ ಊರಿಗೆಲ್ಲ ಹೇಳಿಕೊಂಡ ಬಂದೆ."

ಮರುದಿನ ಅರ್ಜಿ ಪೋಸ್ಟಿಗೆ ಹೋಗಲಿಲ್ಲ, ಪೆಟ್ಟಿಗೆಯ ತಳಕ್ಕೆ ಹೋಯಿತು. ಕೊನೇ ತಾರೀಖು ದಾಟಿತು. ನಮ್ಮವರು ಬ್ಯಾಂಕಿನಲ್ಲಿ ಚೀಟಿ ತುಂಬಿದರೂ ನಾನು ಮುಖ ತಿರುಗಿಸುತ್ತಿದ್ದೆ; ಆ ದುಂಡನೆಯ ಅಕ್ಷರ ಕಂಡರೆ ಹೂವಿನ ಗೌನು ಕಂಡ ಹಾಗಾಗುತ್ತಿತ್ತು. ನಮ್ಮ ನಡುವೆ ಉಪ್ಪು ಕೊಡು, ನೀರು ಕೊಡು ಅನ್ನುವಷ್ಟೇ ಮಾತು.

ದೀಪಾವಳಿ ಕಳೆದ ಮೇಲೆ ಅವರ ಊರಿನಿಂದ ಒಂದು ಲಗ್ನಪತ್ರಿಕೆ ಬಂತು. ಅರಿಶಿನ ಹಚ್ಚಿದ ಕಾಗದ, ಕನ್ನಡದಲ್ಲಿ. ನಮ್ಮವರು ಹಿಂದೆ ಮುಂದೆ ತಿರುವಿ ನನ್ನ ಮುಂದೆ ಹಿಡಿದರು. "ಯಾರದು ಲಗ್ನ, ನೋಡು."

"ನೀವ ಓದ್ರಿ. ಶಾಣ್ಯಾ ಇದ್ದೀರಲ್ಲ."

"ಇದು ಬರಂಗಿಲ್ಲ."

ಕೈಯಲ್ಲಿದ್ದ ಕಸಬರಿಗೆ ಅಲ್ಲೇ ನಿಂತಿತು. "ಖರೇನ ಬರಂಗಿಲ್ಲೋ, ಇದೂ ನಾಟಕೋ?"

"ನಮ್ಮವ್ವನ ಆಣಿ. ಎಂಟ ವರ್ಷದಾಂವ ಊರು ಬಿಟ್ಟೆ, ಸಾಲಿಗೆ ಹೋದಾಂವಲ್ಲ. ಯಾರ ಕಲಿಸಬೇಕು?"

"ಲೀನಾಬಾಯಿ?"

"ಆಕಿಗೆ ಎಲ್ಲಿಂದ ಬರ್ತದ ಕನ್ನಡ?"

"ಬೇಕರ್‍ಯಾಗ ಯಾರೆರ? ನಿಮ್ಮ ಮಾವ?"

"ಮಾವಗ ಬರೂದು ಬರೇ ಬೈಗಳ."

ವಕೀಲರ ಆಫೀಸಿನಲ್ಲಿ ಕಲಿತ ಅಡ್ಡಪ್ರಶ್ನೆಯೆಲ್ಲ ಹಾಕಿದೆ. ಯಾರೂ ಇರಲಿಲ್ಲ. ನಾವು ಹಗಲೂ ರಾತ್ರಿ ಆಡುವ ಮಾತು, ಅದರ ಒಂದು ಅಕ್ಷರವನ್ನೂ ಯಾರೂ ಇವರಿಗೆ ಮುಟ್ಟಿಸಿರಲಿಲ್ಲ. ನನಗೂ ಹೊಳೆದಿರಲಿಲ್ಲ, ಇಂಗ್ಲಿಷ್ ಕಲಿಸಿದರೇ ಹೆಚ್ಚುಗಾರಿಕೆ ಅಂತ ನಾನು ಬಗೆದಿದ್ದೆ. ಕಸಬರಿಗೆ ಮೂಲೆಗೆ ಎಸೆದು ಪಾಟಿ ತೆಗೆದೆ.

ಮೊದಲ ಒಂದು ವಾರ ಅವರನ್ನು ಕಳ್ಳನನ್ನು ಕಾಯುವ ಹಾಗೆ ಕಾದೆ. ಸುಳ್ಳು ತಪ್ಪು ಯಾವುದು, ಖರೇ ತಪ್ಪು ಯಾವುದು ಅಂತ ನನಗೀಗ ಅಂದಾಜಿತ್ತು. ಎಲ್ಲವೂ ಖರೇ ತಪ್ಪೇ. ಪ ತೋರಿಸಿದರೆ ಷ ಅನ್ನುತ್ತಿದ್ದರು, ಘ ನೋಡಿದರೆ ಬೆವರುತ್ತಿದ್ದರು. ತಿಂಗಳಾಯಿತು, ಕಾಗುಣಿತ ಹತ್ತಲಿಲ್ಲ. ಎರಡು ತಿಂಗಳಾಯಿತು, ದೀರ್ಘ ಬಿಟ್ಟು ಓದುತ್ತಿದ್ದರು. "ನನಗ ಆಗಂಗಿಲ್ಲ, ಬಿಡು ಮಾರಾಯ್ತಿ" ಅಂತ ಪಾಟಿ ದೂಡಿದರು. ಭಲೆ ಅನ್ನುವ ಒಂದು ಸಂದರ್ಭವೂ ಬರಲಿಲ್ಲ. ಹೇಳಿದ್ದನ್ನೇ ಹನ್ನೊಂದು ಸಲ ಹೇಳಿದೆ, ಹನ್ನೆರಡನೇ ಸಲಕ್ಕೆ ಬೇರೆ ದಾರಿ ಹುಡುಕಿದೆ, ಹಿಟ್ಟಿನಲ್ಲಿ ಅಕ್ಷರ ಮಾಡಿ ಬೇಕರಿಯ ಒಲೆಯಲ್ಲಿ ಸುಡಿಸಿದೆ. ಗಂಡ ಇಷ್ಟು ದಡ್ಡ ಅಂತ ತಿಳಿದು ಯಾವ ಹೆಂಡತಿಯೂ ನನ್ನಷ್ಟು ಸುಖಪಟ್ಟಿರಲಿಕ್ಕಿಲ್ಲ. ಆ ದಡ್ಡತನದ ಮೇಲೆ ಮತ್ತೊಬ್ಬರ ಕೈಬೆರಳಿನ ಗುರುತೇ ಇರಲಿಲ್ಲ.

ಮುಂದಿನ ವರ್ಷ ಹೊಸ ಅರ್ಜಿ ತರಿಸಿ ತುಂಬಿದೆ. ಇವತ್ತು ಗೋವಾದ ಒಂದು ಕನ್ನಡ ಶಾಲೆಯಲ್ಲಿ ನಾನು ಟೀಚರು. ಆದರೆ ನಾನು ಟೀಚರಾದದ್ದು ಬಿ.ಎಡ್. ಕಾಲೇಜಿನಲ್ಲಿ ಅಲ್ಲ. ಆ ಉಗಾದಿಗೆ ನಾವು ಊರಿಗೆ ಹೊರಟು ಕಾಣಕೋಣದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಕರ್ನಾಟಕದ ಕೆಂಪು ಬಸ್ಸು ಬಂದು ನಿಂತಿತು. ಅದುವರೆಗೆ ನಮ್ಮವರು ಕಂಡಕ್ಟರನ ಕೂಗು ಕೇಳಿ ಬಸ್ಸು ಹತ್ತಿದವರೇ ಹೊರತು ಬೋರ್ಡು ನೋಡಿದವರಲ್ಲ. ಅವತ್ತು ಗಂಟು ಕೆಳಗಿಟ್ಟು ತಲೆ ಎತ್ತಿದರು.

"ಹು..." ಅಂದರು.

ಮುಂದೆ ಒತ್ತಕ್ಷರವಿತ್ತು, ಒಂದಲ್ಲ ಎರಡು.

"ಹು... ಬ..." ಹಣೆ ಗಂಟಿಕ್ಕಿತು, ಬೆರಳು ಗಾಳಿಯಲ್ಲಿ ಅಕ್ಷರ ತಿದ್ದತೊಡಗಿತು. ಹಿಂದಿನವರು ನಮ್ಮನ್ನು ತಳ್ಳಿಕೊಂಡು ಹತ್ತುತ್ತಿದ್ದರು. ಕಂಡಕ್ಟರ್ ಬಾಗಿಲಿನಿಂದ ಬಾಗಿ, ಇವರ ಕಡೆ ಕೈ ಬೀಸಿ, ಬಾಯಿ ತೆರೆದ.

ನಾನು ಅಡ್ಡ ಹೋಗಿ ನಿಂತೆ. "ಅಣ್ಣಾರ, ನಿಮ್ಮ ಕಾಲಿಗೆ ಬೀಳ್ತೇನಿ, ಒಂದ ನಿಮಿಷ ಒದರಬ್ಯಾಡ್ರಿ. ಇವರಿಗೆ ನಾ ಕಲಿಸಾಕತ್ತೇನಿ."

ಕಂಡಕ್ಟರ್ ಇಬ್ಬರನ್ನೂ ನೋಡಿದ, ಸೀಟಿ ಊದಿದ. ಬಸ್ಸು ಹೊರಟೇ ಹೋಯಿತು. ಅದರ ಹಿಂದಿನ ಬೋರ್ಡು ನೋಡುತ್ತ ನಮ್ಮವರು ಇನ್ನೂ ಎರಡನೇ ಅಕ್ಷರದ ಮೇಲೇ ಇದ್ದರು.